ಬಚ್ಚಲ ಬಾಗಿಲಾಚೆ ನಿಂತವರು: ಹದಿಹರೆಯದ ಮಕ್ಕಳ ಸ್ವಯಂ ಹಾನಿ ಮತ್ತು ಆನ್‌ಲೈನ್ ಕುಟುಂಬ ಚಿಕಿತ್ಸೆ

(ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಇಲ್ಲಿ ಹೇಳಿರುವ ಮನೆಗಳು ಯಾವುದೋ ಒಂದು ಮನೆಯಲ್ಲ. ಹಲವು ಕುಟುಂಬಗಳ ಅನುಭವವನ್ನು ಕಲಸಿ, ಗುರುತು ಸಿಗದಂತೆ ಬದಲಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯಕ್ಕಾಗಿ ನನಗೆ ಬರುವ ಮೊದಲ ಫೋನ್ ಕರೆ ಸಾಮಾನ್ಯವಾಗಿ ತಾಯಿಯದ್ದಾಗಿರುತ್ತದೆ. ಆಕೆ ತಾರಸಿಗೆ ಹೋಗಿ, ಇಲ್ಲವೇ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು, ಪಿಸುದನಿಯಲ್ಲಿ ಮಾತನಾಡುತ್ತಾರೆ. "ಮೇಡಂ, ಮಗಳು ಕೈ ಕುಯ್ಕೊಂಡಿದಾಳೆ. ಯಾರಿಗೂ ಹೇಳಿಲ್ಲ. ಅವರಪ್ಪನಿಗೂ ಹೇಳಿಲ್ಲ." ಈ ಮೂರು ವಾಕ್ಯಗಳಲ್ಲಿ ಮೊದಲನೆಯದನ್ನು ಕೇಳಿ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ, ಎಚ್ಚೆತ್ತುಕೊಳ್ಳಲೇಬೇಕು. ನನ್ನಂತಹ ಕುಟುಂಬ ಚಿಕಿತ್ಸಕರ ಕಿವಿ ನಿಮಿರುವುದು ಮೂರನೆಯ ವಾಕ್ಯಕ್ಕೆ. ಮಗಳು ತೋಳು ಮುಚ್ಚಿಕೊಂಡು ಒಂದು ಗುಟ್ಟು ಕಾಪಾಡುತ್ತಿದ್ದಾಳೆ. ತಾಯಿ ಈಗ ಆ ಗುಟ್ಟಿನ ಇನ್ನೊಬ್ಬ ಕಾವಲುಗಾರ್ತಿ. ತಂದೆಗೆ ಏನೋ ವಾಸನೆ ಬಡಿದಿದೆ, ಆದರೆ ಕೇಳುವ ಧೈರ್ಯವಿಲ್ಲ. ಒಂದೇ ಸೂರಿನಡಿ ಮೂವರೂ ಒಬ್ಬರಿಗೊಬ್ಬರು ಹೆದರಿಕೊಂಡು ಬದುಕುತ್ತಿದ್ದಾರೆ.

ಇವತ್ತು ನಾನು ಮುಖ್ಯವಾಗಿ ಮಾತನಾಡಬೇಕೆಂದಿರುವುದು ಮಕ್ಕಳ ಬಗ್ಗೆಯಲ್ಲ, ಆ ಭಯದಲ್ಲಿರುವ ತಂದೆತಾಯಿಗಳ ಬಗ್ಗೆ. ಅವರಿಗೆ ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮೂಲಕ ಆಸರೆ ಕೊಡುವುದು ಹೇಗೆ, ಎಲ್ಲಿಯವರೆಗೆ ಅದು ಸಾಧ್ಯ ಎನ್ನುವುದರ ಬಗ್ಗೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡೋಣ. ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವ ಮಗು ಪ್ರತಿ ಬಾರಿಯೂ ಸಾಯಲು ಹೊರಟಿರುವುದಿಲ್ಲ. ತಡೆಯಲಾಗದ ಸಂಕಟ, ಸಿಟ್ಟು, ತನ್ನ ಮೇಲೆಯೇ ಹೇಸಿಗೆ, ಅಥವಾ ಏನೂ ಅನಿಸದಂತಹ ಒಂದು ಮರಗಟ್ಟಿದ ಸ್ಥಿತಿ, ಇವುಗಳಿಂದ ಕೆಲವು ನಿಮಿಷ ಬಿಡುಗಡೆ ಸಿಗುತ್ತದೆಂದು ಎಷ್ಟೋ ಮಕ್ಕಳು ಹಾಗೆ ಮಾಡಿಕೊಳ್ಳುತ್ತಾರೆ. ಸಾಯುವ ಉದ್ದೇಶವಿಲ್ಲದ ಸ್ವಯಂ ಹಾನಿ ಎಂಬ ಈ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಇನ್ನಷ್ಟು ಅಧ್ಯಯನ ಆಗಬೇಕಾದ ಸ್ಥಿತಿಗಳ ಪಟ್ಟಿಯಲ್ಲಿ ಬೇರೆಯಾಗಿಯೇ ನಮೂದಿಸಿತು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದವರು, ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 17 ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿರುತ್ತಾರೆ ಎಂದು ಅಂದಾಜು ಮಾಡಿದ್ದಾರೆ. ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಆರೇಳು ಮಂದಿ. ಎಲ್ಲ ಊರಿನ ಎಲ್ಲ ತರಗತಿಗೂ ಈ ಲೆಕ್ಕ ಹೊಂದುವುದಿಲ್ಲ, ನಿಜ. ಆದರೆ "ನಮ್ಮ ಸ್ಕೂಲಲ್ಲಿ ಅಂಥದ್ದೆಲ್ಲ ಇಲ್ಲ" ಎಂದು ನನಗೆ ಹೇಳಿದ ಮುಖ್ಯೋಪಾಧ್ಯಾಯರನ್ನು ನಂಬಲು ನನಗೆ ಕಷ್ಟವಾಗುತ್ತದೆ.

ಹಾಗೆಂದು "ಸಾಯೋಕೆ ಅಲ್ವಲ್ಲ, ಬಿಡಿ" ಎನ್ನುವಂತೆಯೂ ಇಲ್ಲ. ಸ್ವಯಂ ಹಾನಿ ಮಾಡಿಕೊಳ್ಳುವ ಮಕ್ಕಳಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಸಾಯುವ ಯೋಚನೆ ಬರುತ್ತದೆಯೇ ಎಂದು ಮಗುವನ್ನು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಹಾಗೆ ಆಗುವುದಿಲ್ಲ. ಕೇಳಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ನೆಮ್ಮದಿಯ ಉಸಿರು ಬಿಡುತ್ತಾರೆ.

ಇನ್ನು "ನಾಟಕ", "ಗಮನ ಸೆಳೆಯೋಕೆ ಮಾಡ್ತಾಳೆ", "ನಮ್ಮನ್ನ ಹೆದರಿಸ್ತಾನೆ" ಎಂಬ ಮಾತುಗಳು. ಬೇಸಿಗೆಯಲ್ಲೂ ತುಂಬು ತೋಳಿನ ಅಂಗಿ ತೊಟ್ಟು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡವಳು ಯಾರ ಗಮನವನ್ನು ಸೆಳೆಯುತ್ತಿದ್ದಳು? ಕೆಲವು ಮಕ್ಕಳು ಮನೆಯವರಿಗೆ ಕಾಣಲಿ ಎಂದೇ ಮಾಡಿಕೊಳ್ಳುತ್ತಾರೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗಮನ ಬೇಕು ಎಂದು ಮಗು ರಕ್ತ ತೋರಿಸಿ ಕೇಳುವ ಸ್ಥಿತಿಗೆ ಬಂದಿದ್ದರೆ, ಗಮನ ಕೊಡುವುದೇ ಸರಿಯಾದ ಉತ್ತರವಲ್ಲವೇ?

ಈಗ ತಂದೆತಾಯಿಗಳ ಕಡೆಗೆ ಬರುತ್ತೇನೆ. ಗಾಯ ಕಣ್ಣಿಗೆ ಬಿದ್ದ ಮೊದಲ ಹತ್ತು ನಿಮಿಷಗಳಲ್ಲಿ ಏನಾಗುತ್ತದೆ ಎಂದು ನಾನು ಪ್ರತಿಯೊಂದು ಕುಟುಂಬವನ್ನೂ ಬಿಡಿಸಿ ಬಿಡಿಸಿ ಕೇಳುತ್ತೇನೆ. ಕೆಲವರು ಹೊಡೆದಿರುತ್ತಾರೆ. ಹೊಡೆದದ್ದನ್ನು ಹೇಳುವಾಗ ಅವರ ದನಿ ಒಡೆಯುತ್ತದೆ. ಕೆಲವರು ದೇವರ ಮುಂದೆ ನಿಲ್ಲಿಸಿ ಆಣೆ ಹಾಕಿಸಿಕೊಂಡಿರುತ್ತಾರೆ. "ನಿನಗೆ ಏನು ಕಮ್ಮಿ ಮಾಡಿದೀವಿ?" ಎಂಬ ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ. ಅದು ಪ್ರಶ್ನೆಯ ರೂಪದಲ್ಲಿದ್ದರೂ ಮಗುವಿನ ಕಿವಿಗೆ ಆರೋಪವಾಗಿ ತಲುಪುತ್ತದೆ. ಕಮ್ಮಿ ಏನೂ ಮಾಡದ ತಂದೆತಾಯಿಗೆ ನೋವು ಕೊಟ್ಟ ಪಾಪಿ ತಾನು ಎಂಬ ಭಾವನೆ, ಮೊದಲೇ ಇದ್ದ ಹೇಸಿಗೆಯ ಮೇಲೆ ಇನ್ನೊಂದು ಪದರವಾಗಿ ಕೂರುತ್ತದೆ. ಮುಂದಿನ ಬಾರಿ ಅವಳು ಇನ್ನಷ್ಟು ಚೆನ್ನಾಗಿ ಮುಚ್ಚಿಡುತ್ತಾಳೆ. ತಂದೆತಾಯಿ ಇನ್ನಷ್ಟು ಕಾವಲು ಹಾಕುತ್ತಾರೆ. ಬಚ್ಚಲ ಬಾಗಿಲಾಚೆ ನಿಂತು ನಿಮಿಷ ಎಣಿಸುತ್ತಾರೆ, ನೀರಿನ ಸದ್ದು ನಿಂತರೆ ಬಾಗಿಲು ಬಡಿಯುತ್ತಾರೆ. ಯಾರೂ ಕೆಟ್ಟವರಲ್ಲದ ಮನೆಯಲ್ಲಿ, ಎಲ್ಲರ ಪ್ರೀತಿಯೂ ಸೇರಿಯೇ ಒಂದು ಸುಳಿ ಹುಟ್ಟಿಕೊಳ್ಳುತ್ತದೆ.

ಕುಟುಂಬ ಚಿಕಿತ್ಸೆಯೆಂದರೆ ಆ ಸುಳಿಯನ್ನು ಹುಡುಕುವ ಕೆಲಸ. ತಪ್ಪಿತಸ್ಥರನ್ನು ಹುಡುಕುವ ಕೆಲಸವಲ್ಲ. ಈ ವ್ಯತ್ಯಾಸವನ್ನು ಮೊದಲ ದಿನವೇ ಎರಡು ಮೂರು ಸಲ ಹೇಳುತ್ತೇನೆ, ಏಕೆಂದರೆ ಚಿಕಿತ್ಸಕರ ಮುಂದೆ ಕುಳಿತ ತಂದೆತಾಯಿ ಕಟಕಟೆಯಲ್ಲಿ ನಿಂತವರಂತೆಯೇ ಕುಳಿತಿರುತ್ತಾರೆ.

ನಮ್ಮ ದೇಶದಲ್ಲಿ ಮನೆಯವರನ್ನು ಚಿಕಿತ್ಸೆಯೊಳಕ್ಕೆ ತಂದ ಕಥೆ ಪರದೇಶದಿಂದ ಬಂದದ್ದೇನಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಟೆಂಟುಗಳನ್ನು ಹಾಕಿಸಿ, ರೋಗಿಯ ಜತೆ ಮನೆಯವರೂ ಉಳಿದುಕೊಳ್ಳುವಂತೆ ಮಾಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಒಂದು ಕೇಂದ್ರವಿದ್ದು, ಹಲವು ದಶಕಗಳಿಂದ ಕುಟುಂಬಗಳು ಅಲ್ಲಿಗೆ ಬಂದು ಚಿಕಿತ್ಸೆ ಪಡೆಯುತ್ತಿವೆ. ಅಡಚಣೆ ಇದ್ದದ್ದು ದೂರದ್ದು. ಹೊಸನಗರದಿಂದಲೋ ಸಿರಸಿಯಿಂದಲೋ ತಂದೆ, ತಾಯಿ, ಮಗಳು ಮೂವರೂ ವಾರಕ್ಕೊಮ್ಮೆ ಬೆಂಗಳೂರಿಗೆ ಬಂದು ಹೋಗುವುದೆಂದರೆ ಎರಡು ರಾತ್ರಿ ಬಸ್ಸು, ಒಂದು ದಿನದ ಕೂಲಿ, ಒಂದು ದಿನದ ಶಾಲೆ, ಕೊಟ್ಟಿಗೆಯ ದನ ನೋಡಿಕೊಳ್ಳಲು ಇನ್ನೊಬ್ಬರು. ಹಾಗಾಗಿ ಬರುತ್ತಿದ್ದದ್ದು ತಾಯಿ ಮಗಳು ಮಾತ್ರ. ಅದೂ ಎರಡು ಸಲ.

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಗಳನ್ನು ಹೊರಡಿಸಿತು. ದೂರದಿಂದ ರೋಗಿಯನ್ನು ನೋಡಲು ನೋಂದಾಯಿತ ವೈದ್ಯರಿಗೆ ಸ್ಪಷ್ಟ ನಿಯಮಗಳು ದೊರೆತವು. ಅಪ್ರಾಪ್ತ ವಯಸ್ಸಿನವರನ್ನು ಹಾಗೆ ನೋಡುವಾಗ ಗುರುತು ಖಚಿತವಾದ ಹಿರಿಯರೊಬ್ಬರು ಜತೆಗಿರಬೇಕು ಎಂಬುದೂ ಅದರಲ್ಲಿದೆ. ಲಾಕ್‌ಡೌನಿನ ದಿನಗಳಲ್ಲಿ ಅನಿವಾರ್ಯಕ್ಕೆ ಶುರುವಾದ ಆನ್‌ಲೈನ್ ಸೆಷನ್‌ಗಳನ್ನು ನಾನು ಮೊದಮೊದಲು ಮನಸ್ಸಿಲ್ಲದ ಮನಸ್ಸಿನಿಂದ ಮಾಡಿದವಳು. ಎದುರಿಗೆ ಕುಳಿತವರ ಕಾಲು ನಡುಗುವುದು ಕಾಣದೆ, ಕೋಣೆಯ ಮೌನದ ಭಾರ ತಿಳಿಯದೆ ಏನು ಚಿಕಿತ್ಸೆ ಮಾಡುವುದು ಎಂದು ಗೊಣಗುತ್ತಿದ್ದೆ. ನನ್ನ ಅಭಿಪ್ರಾಯ ಬದಲಾದದ್ದು ಒಂದು ಮನೆಯಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಡಿಕೆ ತೋಟದ ನಡುವಿನ ಮನೆ. ಒಂಬತ್ತನೇ ತರಗತಿಯ ಮಗಳು, ಐದನೇ ತರಗತಿಯ ಮಗ, ಅಪ್ಪ, ಅಮ್ಮ, ಅಜ್ಜಿ. ನೆಟ್‌ವರ್ಕ್ ಸಿಗುತ್ತಿದ್ದದ್ದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಮೊದಲ ಎರಡು ಸೆಷನ್ ಅಲ್ಲೇ ಆದವು. ಮೊಬೈಲನ್ನು ಅಡಿಕೆ ಚೀಲಕ್ಕೆ ಒರಗಿಸಿಟ್ಟಿದ್ದರು. ಹಿಂದೆ ಅಜ್ಜಿ ಮೂರು ಸಲ ಹಾದುಹೋದರು, ಮೂರನೆಯ ಸಲ ನಿಂತು, "ಯಾರಾ ಅದು?" ಎಂದು ಕೇಳಿ ನನ್ನನ್ನು ನೋಡಿ ನಕ್ಕರು. ಅಜ್ಜಿಗೆ ವಿಷಯ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲ ಎಂದು ಉಳಿದವರು ನಂಬಿದ್ದರು. ಅಂತಹ ಜಾಗದಲ್ಲಿ ಯಾರು ಏನು ಮಾತನಾಡಲು ಸಾಧ್ಯ? ಮುಂದೆ ಕೇಬಲ್ ಎಳೆಸಿ ಒಳಕೋಣೆಗೆ ವೈಫೈ ಹಾಕಿಸಿದರು. ಆ ಖರ್ಚನ್ನು ಅಪ್ಪ ಮರುಮಾತಿಲ್ಲದೆ ಮಾಡಿದ್ದನ್ನು ನಾನು ಗಮನಿಸಿದೆ. ಅಡಿಕೆ ಸುಲಿತದ ದಿನಗಳಲ್ಲಿ ಮಾತ್ರ ಸೆಷನ್ ಇಟ್ಟುಕೊಳ್ಳಲಿಲ್ಲ. ಸಂಜೆಯಾದರೆ ಮನೆ ತುಂಬ ಜನ.

ಮೂರನೆಯ ಸೆಷನ್‌ನಲ್ಲಿ ಅಪ್ಪ ಒಂದು ಸಂಗತಿಯನ್ನು ತುಸು ಹೆಮ್ಮೆಯಿಂದಲೇ ಹೇಳಿದರು. ದಿನವೂ ರಾತ್ರಿ ಊಟವಾದ ಮೇಲೆ ಮಗಳನ್ನು ಕರೆದು, "ಕೈ ತೋರ್ಸು" ಎಂದು ಎರಡೂ ತೋಳು ನೋಡುತ್ತಾರಂತೆ. ಒಂದು ದಿನವೂ ತಪ್ಪಿಸಿಲ್ಲ. ಅವರು ಹೇಳುತ್ತಿರುವಾಗಲೇ ಮಗಳ ಕ್ಯಾಮೆರಾ ಆಫ್ ಆಯಿತು. ಅವಳು ಬೇರೆ ಮೊಬೈಲಿನಲ್ಲಿ, ಪಕ್ಕದ ಕೋಣೆಯಲ್ಲಿ ಕುಳಿತಿದ್ದಳು. ಹಾಗೆ ಕೂರಲು ಅವಳೇ ಕೇಳಿಕೊಂಡಿದ್ದಳು. ನನಗೆ ಮಾತ್ರ ಕಾಣುವ ಚಾಟ್‌ನಲ್ಲಿ ಒಂದು ಸಾಲು ಬಂತು: "ಕೈ ಮಾತ್ರ ನೋಡ್ತಾರೆ." ಇದನ್ನು ಅಪ್ಪನಿಗೆ ಓದಿ ಹೇಳಲೇ ಎಂದು ಕೇಳಿದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ಆಮೇಲೆ "ಹ್ಞೂಂ" ಎಂದು ಬಂತು. ಓದಿದೆ. ಅಪ್ಪ ಪರದೆಯನ್ನೇ ನೋಡುತ್ತ ಕುಳಿತಿದ್ದರು. ನಂತರ ನನ್ನನ್ನು ಕೇಳಿದರೋ ಮಗಳನ್ನು ಕೇಳಿದರೋ ತಿಳಿಯದಂತೆ, "ಮತ್ತೆ ಎಲ್ಲಿ ನೋಡೋದು?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

ನನ್ನ ಕಚೇರಿಯ ಕುರ್ಚಿಗಳಲ್ಲಿ ಮೂವರೂ ಎದುರುಬದುರು ಕುಳಿತಿದ್ದರೆ ಆ ಹುಡುಗಿ ಆ ಮಾತು ಹೇಳುತ್ತಿರಲಿಲ್ಲ ಎಂದು ನನಗೆ ಬಹುಮಟ್ಟಿಗೆ ಖಾತ್ರಿಯಿದೆ. ಬಾಯಲ್ಲಿ ಬಾರದ್ದು ಬೆರಳ ತುದಿಯಲ್ಲಿ ಬಂತು. ಕ್ಯಾಮೆರಾ ಆಫ್ ಮಾಡುವ ಸ್ವಾತಂತ್ರ್ಯವಿದ್ದುದರಿಂದಲೇ ಅವಳು ಸೆಷನ್ ಬಿಟ್ಟು ಎದ್ದುಹೋಗಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಮಾತುಕತೆ ನಡೆದದ್ದು ಕೈ ತೋರಿಸುವ ಪರೀಕ್ಷೆ ನಡೆಯುತ್ತಿದ್ದ ಮನೆಯೊಳಗೇ, ಅದೇ ಊಟದ ಮನೆಯ ಪಕ್ಕದಲ್ಲೇ. ಕಚೇರಿಯಲ್ಲಿ ನಾವು ಮನೆಯಲ್ಲಿ ಆದದ್ದನ್ನು ನೆನಪಿಸಿಕೊಂಡು ಮಾತನಾಡುತ್ತೇವೆ. ಇಲ್ಲಿ ಮೊಬೈಲನ್ನು ಎತ್ತಿಕೊಂಡು ಹೋಗಿ, "ಇಲ್ಲಿ ನಿಂತ್ಕೋತೀನಿ ಮೇಡಂ, ಈ ಬಾಗಿಲ ಹತ್ರ" ಎಂದು ಅಮ್ಮ ತೋರಿಸಬಲ್ಲರು. ತೋರಿಸಿದರು ಕೂಡ.

ಮುಂದಿನ ಎರಡು ವಾರ ನಾವು ಮಾಡಿದ್ದು ಒಂದೇ ಕೆಲಸ. ಕೈ ತೋರಿಸುವ ಪದ್ಧತಿಯ ಬದಲು ಏನು ಎಂದು ಮೂವರೂ ಒಪ್ಪುವಂತಹ ದಾರಿ ಹುಡುಕುವುದು. ಅಪ್ಪನಿಗೆ ಏನೂ ಮಾಡದೆ ಕೂರಲು ಆಗುವುದಿಲ್ಲ, ಅದು ಅವರ ಸ್ವಭಾವ. ಮಗಳಿಗೆ ಬಾಯಿಬಿಟ್ಟು "ನನಗೆ ಕಷ್ಟ ಆಗ್ತಿದೆ" ಎನ್ನಲು ಆಗುವುದಿಲ್ಲ. ಕೊನೆಗೆ ಉಪಾಯ ಅವಳಿಂದಲೇ ಬಂತು. ಅಡುಗೆಮನೆಯ ಗೂಡಿನಲ್ಲಿ ಒಂದು ಹಳೆಯ ಹಿತ್ತಾಳೆ ತಂಬಿಗೆ ಇತ್ತು. ಕಷ್ಟದ ದಿನ ಅದನ್ನು ಬೋರಲು ಹಾಕುತ್ತೇನೆ ಎಂದಳು. ಬೋರಲು ಕಂಡರೆ ಯಾರೂ ಏನೂ ಕೇಳಬಾರದು. ಅಮ್ಮ ಅಥವಾ ಅಪ್ಪ ಒಬ್ಬರು ಬಂದು ಅವಳ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಬೇಕು. ಅಪ್ಪ ಕೇಳಿದರು, "ಎಷ್ಟು ಹೊತ್ತು ಕೂತ್ಕೋಬೇಕು?" ಅವಳು ಮತ್ತೆ ಕ್ಯಾಮೆರಾ ಆನ್ ಮಾಡಿ, "ಹೋಗು ಅನ್ನೋ ತನ್ಕ" ಎಂದಳು.

ಇದನ್ನು ಕೇಳಿ ನೀವು ನಾಳೆಯೇ ಮನೆಯಲ್ಲಿ ತಂಬಿಗೆ ಇಡಬೇಕಾಗಿಲ್ಲ. ಆ ಮನೆಗೆ ಆ ತಂಬಿಗೆ ಹೊಂದಿತು, ಅಷ್ಟೆ.

ಮೂರನೆಯ ತಿಂಗಳಲ್ಲಿ ಅವಳು ಮತ್ತೆ ಗಾಯ ಮಾಡಿಕೊಂಡಳು. ಇದನ್ನು ಮುಚ್ಚಿಟ್ಟು ನಿಮಗೆ ಚಂದದ ಕಥೆ ಹೇಳಲು ನನಗಿಷ್ಟವಿಲ್ಲ. ಆದರೆ ಈ ಸಲ ಬೆಳಿಗ್ಗೆ ಅವಳೇ ಅಮ್ಮನ ಬಳಿ ಬಂದು ತೋರಿಸಿದ್ದಳು. ಅಮ್ಮ ಮಾಡಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ: "ತೊಳೆದೆ, ಬಟ್ಟೆ ಕಟ್ಟಿದೆ, ಕಾಫಿ ಮಾಡಿಕೊಟ್ಟೆ. ಅಳು ಬಂತು, ತಡ್ಕೊಂಡೆ. ಆಮೇಲೆ ಕೊಟ್ಟಿಗೆಗೆ ಹೋಗಿ ಅತ್ತೆ." ಸೆಷನ್‌ನಲ್ಲಿ ನಾವು ಗಾಯದ ಬಗ್ಗೆ ಮಾತನಾಡಿದ್ದು ಐದು ನಿಮಿಷ, ಕೊಟ್ಟಿಗೆಯ ಬಗ್ಗೆ ಅರ್ಧ ಗಂಟೆ. ಆ ತಾಯಿಗೆ ಅಳಲು ಕೊಟ್ಟಿಗೆಯ ಹೊರತು ಬೇರೆ ಜಾಗವಿರಲಿಲ್ಲ. ಅವರು ಅತ್ತದ್ದು ಗಂಡನಿಗೆ ಗೊತ್ತಿರಲಿಲ್ಲ. ತೋಟದ ಮನೆಯಲ್ಲಿ ತಾವೂ ಹಾಗೆಯೇ ಒಬ್ಬರೇ ಕೂರುತ್ತಿದ್ದದ್ದನ್ನು ಗಂಡ ಆವತ್ತು ಹೇಳಿದರು. ಮದುವೆಯಾಗಿ ಹದಿನೇಳು ವರ್ಷವಾಗಿದ್ದವರು ಮೊಬೈಲಿನಲ್ಲಿದ್ದ ನನ್ನನ್ನು ಮರೆತು ಒಬ್ಬರನ್ನೊಬ್ಬರು ನೋಡಿಕೊಂಡರು.

ತಂದೆತಾಯಿಗೆ ಆಸರೆ ಎಂದು ನಾನು ಹೇಳುವುದು ಇದನ್ನೇ. ಮಗು ತನ್ನ ಸಂಕಟವನ್ನು ಒಯ್ದು ಇಡಲು ಒಬ್ಬರು ಬೇಕು. ಆ ಒಬ್ಬರು ತಾವೇ ಕುಸಿಯುವಂತಿದ್ದರೆ ಮಗು ಒಯ್ದು ಇಡುವುದಿಲ್ಲ, ಅಮ್ಮನಿಗೆ ತೊಂದರೆಯಾಗುತ್ತದೆ ಎಂದು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ತಂದೆತಾಯಿಯ ನಿದ್ದೆ, ಅವರ ನಡುವಿನ ಜಗಳ, ಅತ್ತೆಮನೆಯ ಚುಚ್ಚುಮಾತು, ಸಾಲದ ಕಂತು ಇವೆಲ್ಲ ಮಗುವಿನ ಚಿಕಿತ್ಸೆಗೆ ಸಂಬಂಧಪಟ್ಟ ಸಂಗತಿಗಳೇ. ಪ್ರತಿ ಮೂರು ಸೆಷನ್‌ಗೆ ಒಂದನ್ನು ನಾನು ತಂದೆತಾಯಿಗೆ ಮಾತ್ರ ಮೀಸಲಿಡುತ್ತೇನೆ. ಮಕ್ಕಳಿಗೆ ಇದನ್ನು ಮುಂಚೆಯೇ ಹೇಳಿರುತ್ತೇನೆ. ಬಹುತೇಕ ಮಕ್ಕಳು ಇದನ್ನು ಸಂತೋಷದಿಂದ ಒಪ್ಪುತ್ತಾರೆ. ಒಬ್ಬ ಹುಡುಗನಂತೂ, "ಅವರಿಗೇ ಜಾಸ್ತಿ ಬೇಕು ಮೇಡಂ" ಎಂದಿದ್ದ.

ದೂರದಲ್ಲಿರುವ ತಂದೆಯ ವಿಷಯ ಇನ್ನೊಂದಿದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪ ಕೊಲ್ಲಿ ದೇಶದಲ್ಲಿ, ತಾಯಿ ಮಕ್ಕಳು ಊರಲ್ಲಿ. ಆನ್‌ಲೈನ್ ಬರುವ ಮುನ್ನ ಅಂತಹ ತಂದೆ ಚಿಕಿತ್ಸೆಯೊಳಕ್ಕೆ ಬರುವುದೇ ಅಸಾಧ್ಯವಾಗಿತ್ತು. ಈಗ ನಮ್ಮ ರಾತ್ರಿ ಎಂಟೂವರೆ ಕುವೈತ್‌ನ ಸಂಜೆ ಆರು ಗಂಟೆ. ಅಲ್ಲಿ ಶುಕ್ರವಾರ ರಜೆ. ದುಬೈನಲ್ಲಾದರೆ 2022ರ ಜನವರಿಯಿಂದ ಶನಿವಾರ ಭಾನುವಾರ ರಜೆ. ಇಂತಹ ಸಣ್ಣ ಲೆಕ್ಕಗಳು ನನ್ನ ಡೈರಿಯ ತುಂಬ ಇವೆ. ಆದರೆ ಒಂದು ಎಚ್ಚರ. ಪರದೇಶದಲ್ಲಿರುವ ತಂದೆ ಪರದೆಯಲ್ಲಿ ಕಾಣಿಸಿಕೊಂಡ ಕೂಡಲೇ ಉಪದೇಶ ಶುರುಮಾಡುತ್ತಾರೆ, ಏಕೆಂದರೆ ದೂರದಿಂದ ಅವರು ಮಾಡಬಲ್ಲದ್ದು ಅದೊಂದೇ ಎಂದು ಅವರಿಗೆ ಅನಿಸಿರುತ್ತದೆ. ಅಂಥವರಿಗೆ ನಾನು ಒಂದು ಕೆಲಸ ಕೊಡುತ್ತೇನೆ: ವಾರಕ್ಕೆ ಮೂರು ದಿನ, ಹತ್ತು ನಿಮಿಷ, ಮಾರ್ಕ್ಸು ಮತ್ತು ಗಾಯ ಎರಡರ ಬಗ್ಗೆಯೂ ಮಾತೆತ್ತದೆ ಮಗನ ಜತೆ ಮಾತನಾಡಬೇಕು. ಬಹಳ ಕಷ್ಟದ ಕೆಲಸ ಎಂದು ಒಬ್ಬ ತಂದೆ ನನಗೆ ಹೇಳಿದರು. ಮೊದಲ ದಿನ ಅವರಿಬ್ಬರೂ ಮೂರು ನಿಮಿಷಕ್ಕೆ ಮಾತು ಮುಗಿದು ಸುಮ್ಮನೆ ಕುಳಿತಿದ್ದರಂತೆ.

ಆನ್‌ಲೈನಿನ ಅಪಾಯಗಳು ಕೂಡ ಮನೆಯೊಳಗೇ ಇವೆ. ಸೆಷನ್ ಮುಗಿದು ಪರದೆ ಕಪ್ಪಾದ ಮೇಲೆ ಕುಟುಂಬ ಅಲ್ಲೇ ಉಳಿಯುತ್ತದೆ. ಬಸ್ಸಿನ ಕಿಟಕಿಯಾಚೆ ನೋಡುತ್ತ ತಣ್ಣಗಾಗುವ ಎರಡು ಗಂಟೆ ಅವರಿಗೆ ಸಿಗುವುದಿಲ್ಲ. ಬಿಸಿ ಮಾತಿನ ನಡುವೆಯೇ ಕರೆಂಟು ಹೋಗುತ್ತದೆ. ಆದ್ದರಿಂದ ಪ್ರತಿ ಸೆಷನ್‌ನ ಮೊದಲ ಐದು ನಿಮಿಷ ನಾನು ಕೇಳುವ ಪ್ರಶ್ನೆಗಳು ನಿಮಗೆ ಪೊಲೀಸರ ಪ್ರಶ್ನೆಗಳಂತೆ ಕೇಳಿಸಬಹುದು. ಈಗ ನೀವು ಇರುವ ವಿಳಾಸ ಯಾವುದು, ಮನೆಯಲ್ಲಿ ಇನ್ಯಾರಿದ್ದಾರೆ, ಕರೆ ಕಡಿದುಹೋದರೆ ಯಾವ ನಂಬರಿಗೆ ಮಾಡಲಿ, ಹತ್ತಿರದ ಆಸ್ಪತ್ರೆ ಯಾವುದು, ಅಲ್ಲಿಗೆ ಹೋಗಲು ಗಾಡಿ ಇದೆಯೇ. ಕಾರು ಓಡಿಸುತ್ತ ಸೆಷನ್‌ಗೆ ಬರುವ ತಂದೆಯರಿಗೆ ಗಾಡಿ ಪಕ್ಕಕ್ಕೆ ಹಾಕಿ ಎನ್ನುತ್ತೇನೆ. ಮಕ್ಕಳ ಜತೆ ಒಂದು ಗುಟ್ಟಿನ ಮಾತು ನಿಗದಿ ಮಾಡಿಕೊಂಡಿರುತ್ತೇನೆ. ಬಾಗಿಲ ಹಿಂದೆ ಯಾರೋ ನಿಂತು ಕೇಳಿಸಿಕೊಳ್ಳುತ್ತಿದ್ದರೆ ಅವರು ಆ ಮಾತು ಹೇಳುತ್ತಾರೆ, ನಾನು ವಿಷಯ ಬದಲಿಸುತ್ತೇನೆ. ಹೆಡ್‌ಫೋನು ಕಡ್ಡಾಯ. ಬಾಗಿಲ ಹೊರಗೆ ಫ್ಯಾನೋ ಟಿವಿಯೋ ಸದ್ದು ಮಾಡುತ್ತಿದ್ದರೆ ಒಳ್ಳೆಯದು.

ಗುಟ್ಟಿನ ಎಲ್ಲೆಯನ್ನೂ ಮೊದಲ ದಿನವೇ ಗೆರೆ ಎಳೆದು ಹೇಳಬೇಕು. ಮಗು ನನಗೆ ಹೇಳಿದ್ದೆಲ್ಲ ತಂದೆತಾಯಿಗೆ ತಲುಪುವುದಿಲ್ಲ. ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ತಲುಪುತ್ತದೆ, ಅದೂ ಮಗುವಿಗೆ ತಿಳಿಸಿಯೇ. ಲೈಂಗಿಕ ದೌರ್ಜನ್ಯದ ಸಂಗತಿ ಹೊರಬಂದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಅದನ್ನು ವರದಿ ಮಾಡುವುದು ನನಗೆ ಕಡ್ಡಾಯ. ಮನೆಯಲ್ಲೇ ಹಿಂಸೆ ನಡೆಯುತ್ತಿದ್ದರೆ, ಹಿಂಸೆ ಮಾಡುವವರೇ ಪಕ್ಕದ ಕೋಣೆಯಲ್ಲಿದ್ದರೆ, ಆನ್‌ಲೈನ್ ಕುಟುಂಬ ಸೆಷನ್ ಸಲ್ಲದು. ಅದು ಮಗುವನ್ನು ಇನ್ನಷ್ಟು ಅಪಾಯಕ್ಕೆ ದೂಡುತ್ತದೆ. ಇತ್ತೀಚೆಗೆ ಸಾಯುವ ಪ್ರಯತ್ನ ನಡೆದಿದ್ದರೆ ಮೊದಲು ಆಸ್ಪತ್ರೆ, ಮುಖಾಮುಖಿ ಪರೀಕ್ಷೆ. ಪರದೆ ಆಮೇಲೆ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ ಎಂಬ ಭಯದಿಂದ ಮನೆಯಲ್ಲೇ ಬಟ್ಟೆ ಕಟ್ಟಿ ಕೂರುವವರಿದ್ದಾರೆ. ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂ ನಮ್ಮ ಜನರ ತಲೆಯಲ್ಲಿ ಇನ್ನೂ ಜೀವಂತವಾಗಿದೆ. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆಯಾಗಬಾರದು, ಆರೈಕೆ ಸಿಗಬೇಕು ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಂ ಇಲ್ಲವೇ ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಪಟ್ಟ ವೈದ್ಯಕೀಯ ಪ್ರಕರಣ, ಎಂದು ಪುಸ್ತಕದಲ್ಲಿ ಬರೆದುಕೊಳ್ಳಬಹುದು. ಹಾಗೆ ಬರೆದುಕೊಂಡರೆಂದು ಮಗು ಅಪರಾಧಿಯಾಗುವುದಿಲ್ಲ.

ಮನೆಯಲ್ಲಿ ಅಪಾಯದ ವಸ್ತುಗಳನ್ನು ಬೀಗದೊಳಗಿಡಿ ಎಂದರೆ ಕೆಲವರು, "ಮಾಡ್ಕೋಬೇಕು ಅಂದ್ರೆ ಹೇಗಾದ್ರೂ ಮಾಡ್ಕೋತಾರೆ" ಎಂದು ಕೈಚೆಲ್ಲುತ್ತಾರೆ. ಅದು ಸರಿಯಲ್ಲ. ಅತಿ ತೀವ್ರವಾದ ಸಂಕಟ ಬಹಳ ಸಲ ಅಲೆಯಂತೆ ಏರಿ ಇಳಿಯುತ್ತದೆ. ಅದು ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ತುತ್ತತುದಿ ಮುಟ್ಟಿದ್ದ ಆತ್ಮಹತ್ಯೆಯ ಪ್ರಮಾಣ, ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ನಂತರ ಗಣನೀಯವಾಗಿ ಇಳಿಯಿತು. ತೋಟಕ್ಕೆ ಹೊಡೆಯುವ ಔಷಧಿ, ಅಜ್ಜನ ಬಿಪಿ ಮಾತ್ರೆ, ಮನೆಯ ಎಲ್ಲ ಮಾತ್ರೆಗಳ ಡಬ್ಬಿ ಇವಕ್ಕೆ ಬೀಗವಿರಲಿ, ಬೀಗದ ಕೈ ಹಿರಿಯರ ಬಳಿಯಿರಲಿ. ಇದನ್ನು ಮಗುವಿನಿಂದ ಮುಚ್ಚಿಟ್ಟು ಮಾಡಬೇಡಿ. "ನಿನ್ನ ಮೇಲೆ ಅನುಮಾನಕ್ಕಲ್ಲ, ಕಷ್ಟದ ಹೊತ್ತಲ್ಲಿ ನಿನಗೆ ಸಹಾಯ ಆಗಲಿ ಅಂತ" ಎಂದು ಹೇಳಿಯೇ ಮಾಡಿ. ಆನ್‌ಲೈನ್ ಸೆಷನ್‌ನಲ್ಲಿ ನಾನು ಈ ಡಬ್ಬಿಗಳನ್ನು ಕ್ಯಾಮೆರಾದಲ್ಲಿ ತೋರಿಸಿ ಎನ್ನುತ್ತೇನೆ. ಫ್ರಿಜ್ಜಿನ ಮೇಲೆ, ದೇವರ ಗೂಡಿನ ಪಕ್ಕ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಹೀಗೆ ಮರೆತೇಹೋದ ಮಾತ್ರೆಗಳು ಎಷ್ಟು ಕಡೆ ಸಿಗುತ್ತವೆ ಎಂದರೆ ಮನೆಯವರಿಗೇ ಆಶ್ಚರ್ಯ.

ಇಷ್ಟೆಲ್ಲ ಮಾಡಿದರೆ ಗಾಯ ಮಾಡಿಕೊಳ್ಳುವುದು ನಿಂತೇ ನಿಲ್ಲುತ್ತದೆಯೇ? ಪ್ರಾಮಾಣಿಕವಾಗಿ ಹೇಳಬೇಕು. ಇಂಗ್ಲೆಂಡಿನಲ್ಲಿ 11ರಿಂದ 17 ವರ್ಷದ 832 ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅರ್ಧದಷ್ಟು ಮಕ್ಕಳಿಗೆ ಕುಟುಂಬ ಚಿಕಿತ್ಸೆ, ಉಳಿದವರಿಗೆ ಅಲ್ಲಿನ ಎಂದಿನ ಚಿಕಿತ್ಸೆ. ಮುಂದಿನ ಒಂದೂವರೆ ವರ್ಷದಲ್ಲಿ ಸ್ವಯಂ ಹಾನಿಗಾಗಿ ಮತ್ತೆ ಆಸ್ಪತ್ರೆಗೆ ಬಂದವರ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ವೃತ್ತಿಯವರಿಗೆ ಇದು ಕಹಿಯಾದ ಫಲಿತಾಂಶ. ಅದೇ ಅಧ್ಯಯನದಲ್ಲಿ, ಮಕ್ಕಳ ಭಾವನೆ ಮತ್ತು ವರ್ತನೆಯ ತೊಂದರೆಗಳು ತಗ್ಗಿವೆಯೇ ಎಂಬುದಕ್ಕೆ ಕುಟುಂಬ ಚಿಕಿತ್ಸೆ ಪಡೆದ ಮನೆಗಳ ತಂದೆತಾಯಿ ಕೊಟ್ಟ ಉತ್ತರಗಳು ಹೆಚ್ಚು ಆಶಾದಾಯಕವಾಗಿದ್ದವು. ನಾನು ಇದನ್ನು ಓದುವುದು ಹೀಗೆ: ಕುಟುಂಬ ಚಿಕಿತ್ಸೆ ಗಾಯಕ್ಕೆ ಹಚ್ಚುವ ಮುಲಾಮಲ್ಲ. ಗಾಯ ಯಾವ ಮನೆಯಲ್ಲಿ ಆಗುತ್ತಿದೆಯೋ ಆ ಮನೆಯ ಗಾಳಿಯನ್ನು ಅದು ಬದಲಿಸಬಲ್ಲದು. ಮಗುವಿಗೆ ಖಿನ್ನತೆಯಿದ್ದರೆ ಅದಕ್ಕೆ ಬೇರೆಯಾಗಿಯೇ ಚಿಕಿತ್ಸೆ ಆಗಬೇಕು. ಭಾವನೆಗಳನ್ನು ನಿಭಾಯಿಸುವ ಕೌಶಲಗಳನ್ನು ಮಗು ಒಬ್ಬರ ಬಳಿ ಕುಳಿತು ಕಲಿಯಬೇಕಾಗಬಹುದು. ಕುಟುಂಬ ಚಿಕಿತ್ಸೆಯೊಂದೇ ಸಾಕು ಎನ್ನುವವರನ್ನು ನಂಬಬೇಡಿ, ಅದು ನಾನೇ ಆದರೂ ಸರಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತೇನೆ.

ಹೈಸ್ಕೂಲಿನ ಶಿಕ್ಷಕರೊಬ್ಬರು, ತರಗತಿಯಲ್ಲಿ ಗಾಯ ಕಂಡರೆ ಏನು ಮಾಡಬೇಕೆಂದು ಕೇಳಿದರು. ಎಲ್ಲರೆದುರು ತೋಳು ಮೇಲೆತ್ತಿಸಬೇಡಿ. ಸ್ಟಾಫ್ ರೂಮಿನಲ್ಲಿ ಚರ್ಚೆಯ ವಸ್ತು ಮಾಡಬೇಡಿ. ಒಬ್ಬಳನ್ನೇ ಕರೆದು, "ನೋಡಿದೆ ಕಣಮ್ಮ, ಬಯ್ಯಲ್ಲ, ಮಾತಾಡ್ಬೇಕು ಅನ್ಸಿದ್ರೆ ನಾನಿದೀನಿ" ಎಂದರೆ ಆ ದಿನಕ್ಕೆ ಸಾಕು. ಮನೆಯವರಿಗೆ ತಿಳಿಸಲೇಬೇಕಾಗುತ್ತದೆ, ಹೇಗೆ, ಯಾರಿಗೆ ಮೊದಲು ಎಂಬುದನ್ನು ಅವಳೊಂದಿಗೆ ಮಾತನಾಡಿ ನಿರ್ಧರಿಸಿ.

ದುಡ್ಡಿಲ್ಲದವರು ಏನು ಮಾಡಬೇಕೆಂದು ಒಬ್ಬ ತಾಯಿ ಕೇಳಿದರು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮಗುವಿಗೇ ಅಲ್ಲ, ಕೊಟ್ಟಿಗೆಯಲ್ಲಿ ಒಬ್ಬರೇ ಅಳುವ ತಾಯಿಗೂ ಆ ನಂಬರು ಇರುವುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ನಿಮ್ಮ ಜಿಲ್ಲೆಯಲ್ಲೂ ಇದೆ. 1980ರ ದಶಕದಲ್ಲಿ ನಮ್ಮದೇ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು. ನಿಮ್ಮ ಜಿಲ್ಲೆಯ ತಂಡದಲ್ಲಿ ಕುಟುಂಬ ಚಿಕಿತ್ಸೆಯಲ್ಲಿ ಪಳಗಿದವರು ಇರಲಿಕ್ಕಿಲ್ಲ, ಆದರೆ ಮನೋವೈದ್ಯರು ಸಿಗುತ್ತಾರೆ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ತಂದೆಯೊಬ್ಬರು ಎದ್ದುನಿಂತು, ಗುಣವಾಯಿತು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಅವರು ಕೇಳಿದ ರೀತಿಯಲ್ಲೇ ಇದು ಬೇರೆಯವರ ಮನೆಯ ಪ್ರಶ್ನೆಯಲ್ಲ ಎಂದು ತಿಳಿಯುತ್ತಿತ್ತು. ಗಾಯವಿಲ್ಲದ ದಿನಗಳನ್ನು ಎಣಿಸುತ್ತ ಕೂರಬೇಡಿ ಎಂದೆ. ಎಣಿಸಿದರೆ ಒಂದು ದಿನ ತಪ್ಪಿದಾಗ ಲೆಕ್ಕ ಮತ್ತೆ ಸೊನ್ನೆಗೆ ಬಂತು ಎಂದು ಮಗುವಿಗೂ ನಿಮಗೂ ಅನಿಸುತ್ತದೆ. ತೋಟದ ಮನೆಯ ಆ ಕುಟುಂಬದ ಜತೆ ನನ್ನ ಕೊನೆಯ ಸೆಷನ್ ಹೇಗಿತ್ತೆಂದು ಅವರಿಗೆ ಹೇಳಿದೆ. ಹುಡುಗಿ ಆಗ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಪಿಯುಸಿಗೆ ಸೈನ್ಸೋ ಕಾಮರ್ಸೋ ಎಂದು ಶುರುವಾದ ಮಾತು ಜಗಳವಾಯಿತು. ಅಪ್ಪ ದನಿಯೇರಿಸಿದರು. ಮಗಳು ಕ್ಯಾಮೆರಾ ಆಫ್ ಮಾಡದೆ ತಾನೂ ಏರಿಸಿದಳು. ಅಮ್ಮ ಇಬ್ಬರಿಗೂ ಬೈದರು. ಅವಳ ತಮ್ಮ ಬಾಗಿಲಲ್ಲಿ ಇಣುಕಿ ನಕ್ಕ. ಅಜ್ಜಿ ಒಳಗೆ ಬಂದು, ಯಾರ ಮಾತಿಗೂ ಕಾಯದೆ, ಮೊಮ್ಮಗಳು ಓದುತ್ತೇನೆ ಎಂದದ್ದನ್ನೇ ಓದಲಿ ಎಂದು ತೀರ್ಪು ಕೊಟ್ಟರು. ನಲವತ್ತು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಕೊನೆಗೆ ಯಾರೋ ಊಟಕ್ಕೆ ಕರೆದರು, ಎಲ್ಲರೂ ಎದ್ದು ಹೋದರು. ಕರೆ ಮುಗಿಸಲು ಮರೆತಿದ್ದರು. ಖಾಲಿ ಕೋಣೆ ಸ್ವಲ್ಪ ಹೊತ್ತು ಪರದೆಯ ಮೇಲೆ ಕಾಣುತ್ತಿತ್ತು, ದೂರದಿಂದ ತಟ್ಟೆ ಇಡುವ ಸದ್ದು. ನಾನೇ ಕರೆ ಕಡಿದೆ.